ಸಕ್ಕರೆ ತಿಂದ ಮೂಗು

ಹಾಲು ಸೀದ ದಿನ ನಾನು ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಪೇಪರ್ ಓದುತ್ತ ಕೂತಿದ್ದೆ. “ಹಾಲಿಟ್ಟಿದ್ದೀನಿ, ನೋಡ್ಕೊಳ್ಳಿ” ಅಂತ ಹೇಳಿ ನನ್ನ ಹೆಂಡತಿ ಮೂಲೆ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೋಗಿದ್ದಳು. ಹಾಲನ್ನು ಯಾರೂ ಕಣ್ಣಿಂದ ನೋಡಿಕೊಳ್ಳುವುದಿಲ್ಲ. ಉಕ್ಕುವ ಹೊತ್ತಿಗೆ ಮೂಗು ಎಬ್ಬಿಸುತ್ತದೆ ಅನ್ನುವ ಧೈರ್ಯದಲ್ಲೇ ಲೋಕ ನಡೆದಿದೆ. ಆ ಧೈರ್ಯದಲ್ಲಿ ನಾನು ಮೂರನೇ ಪುಟಕ್ಕೆ ಬಂದಿದ್ದೆ. ಅವಳು ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲೇ ಬೀದಿಯಿಂದ ಕೂಗಿದಳು: “ರೀ, ಸೀದ ವಾಸನೆ ಮೂರನೇ ಮನೆಗೆ ಹೊಡೀತಿದೆ! ಮೂಗನ್ನ ಎಲ್ಲಿ ಅಡ ಇಟ್ಟಿದ್ದೀರಿ?”

ಮೂಗು ಇದ್ದಲ್ಲೇ ಇತ್ತು. ಕನ್ನಡಕ ಕೂತಿದ್ದೇ ಅದರ ಮೇಲೆ. ಆದರೆ ಅದು ಆ ಹೊತ್ತಿನಲ್ಲಿ ಕನ್ನಡಕ ಹೊರುವ ಕೆಲಸ ಬಿಟ್ಟು ಇನ್ನೇನನ್ನೂ ಮಾಡುತ್ತಿರಲಿಲ್ಲ ಅನ್ನುವುದು ಅಡುಗೆಮನೆಗೆ ಹೋದಮೇಲೆ ಗೊತ್ತಾಯಿತು. ಹೊಗೆ ಕಣ್ಣಿಗೆ ಕಾಣುತ್ತಿದೆ, ಪಾತ್ರೆಯ ತಳ ಕಪ್ಪಗೆ ಕಮರಿದೆ, ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಾಳೆ. ನನಗೆ ಮಾತ್ರ ಏನೂ ಇಲ್ಲ. ಮೂಕಿ ಸಿನಿಮಾ ನೋಡಿದ ಹಾಗೆ.

ನನ್ನ ಹೆಂಡತಿ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವಳು. ಯಾರ ಮೇಲಾದರೂ ಅನುಮಾನ ಬಂದರೆ ಕೂಡಲೇ ಪರೀಕ್ಷೆ ಇಡುವುದು ಅವಳಿಗೆ ರಕ್ತಗತ. ಅವತ್ತು ಸಂಜೆಯೇ ನನ್ನ ಕಣ್ಣಿಗೆ ಟವೆಲ್ ಕಟ್ಟಿ ಕೂರಿಸಿದಳು. ಸ್ಟೀಲ್ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಟಿಕ್ ಟಿಕ್ ಅಂದವು. ಮೊದಲನೆಯದು ಇಂಗು, ಪಾಸು. ಎರಡನೆಯದಕ್ಕೆ ಸೋಂಪು ಅಂದೆ, ಅದು ಜೀರಿಗೆ. ಮೂರನೆಯದಕ್ಕೆ “ಏನೋ ಪುಡಿ” ಅಂದೆ. ಒಂದು ಕ್ಷಣ ಮನೆ ಸ್ತಬ್ಧವಾಯಿತು. ಅದು ಅವತ್ತು ಬೆಳಗ್ಗೆ ತಾನೇ ಬೀಸಿಸಿ ತಂದ ಕಾಫಿಪುಡಿ. ಮೈಸೂರಿನವನೊಬ್ಬ ಕಾಫಿಪುಡಿಯನ್ನು “ಏನೋ ಪುಡಿ” ಅಂದರೆ ಅವನ ರೇಷನ್ ಕಾರ್ಡು ರದ್ದಾಗಬೇಕು. ನಾಲ್ಕನೆಯದು ಕರ್ಪೂರ, ಹೇಳಿದೆ. ಐದನೆಯದನ್ನು ಎಷ್ಟು ಎಳೆದರೂ ಗಾಳಿಯೇ ಬಂತು. “ಖಾಲಿ ಡಬ್ಬಿ ತೋರಿಸಿ ಮೋಸ ಮಾಡ್ಬೇಡ” ಅಂದೆ. ಟವೆಲ್ ಬಿಚ್ಚಿದಳು. ಡಬ್ಬಿಯ ತುಂಬ ಹಸಿರು ಯಾಲಕ್ಕಿ.

ಐದಕ್ಕೆ ಎರಡು. ಅದರಲ್ಲೂ ಕರ್ಪೂರಕ್ಕೆ ಬಂದ ಅಂಕ ಕೃಪಾಂಕವಂತೆ. ಕರ್ಪೂರದಂಥದ್ದು ಮೂಗಿಗೆ ಚುಚ್ಚುತ್ತದೆ, ಆ ಚುಚ್ಚನ್ನು ಒಯ್ಯುವ ನರವೇ ಬೇರೆ, ವಾಸನೆಯ ನರ ಸತ್ತು ಬಿದ್ದಿದ್ದರೂ ಅದು ಗೊತ್ತಾಗುತ್ತದೆ ಅಂತ ಆಮೇಲೆ ತಿಳಿಯಿತು. ಅಂದರೆ ನಾನು ನಿಜಕ್ಕೂ ಪಡೆದದ್ದು ಒಂದೇ ಅಂಕ. ಅದೂ ಇಂಗಿನ ದೊಡ್ಡಸ್ತಿಕೆ.

ಬೇರೆ ಊರಾಗಿದ್ದರೆ ಹೇಗೋ ಮುಚ್ಚಿಟ್ಟುಕೊಂಡು ಬದುಕಬಹುದಿತ್ತು. ಮೈಸೂರು ಮೂಗಿದ್ದವರಿಗಾಗಿ ಕಟ್ಟಿದ ಊರು. ಚಿಕ್ಕವನಿದ್ದಾಗ ದೇವರಾಜ ಮಾರುಕಟ್ಟೆಗೆ ಅಪ್ಪನ ಕೈ ಹಿಡಿದು ಹೋದರೆ ಕಣ್ಣು ಮುಚ್ಚಿಕೊಂಡೇ ಎಲ್ಲಿದ್ದೇವೆ ಅಂತ ಹೇಳುತ್ತಿದ್ದೆ. ಬಾಳೆಹಣ್ಣಿನ ಸಾಲು, ನಂಜನಗೂಡು ರಸಬಾಳೆ ಇದ್ದರಂತೂ ಹತ್ತು ಮಾರು ಮೊದಲೇ. ಆಮೇಲೆ ಚಿಗುರೆಲೆ. ಮಲ್ಲಿಗೆ, ಮರುಗ ಸೇರಿದ ಹೂವಿನ ಸಾಲು. ಅತ್ತರಿನ ಸೀಸೆಗಳವನು ಮುಂಗೈಗೆ ಹಚ್ಚಿ ಬಿಟ್ಟರೆ ಮನೆಗೆ ಬಂದು ಊಟ ಮಾಡಿದ ಮೇಲೂ ಸಾರಿನ ಜೊತೆ ಗುಲಾಬಿ. ಮಾನಂದವಾಡಿ ರಸ್ತೆಯಲ್ಲಿ ಮೊದಲ ಮಹಾಯುದ್ಧದ ಕಾಲದ ಗಂಧದೆಣ್ಣೆ ಕಾರ್ಖಾನೆ. 1948ರಲ್ಲಿ ಎನ್. ರಂಗರಾವ್ ಅಗರಬತ್ತಿ ವ್ಯಾಪಾರ ಶುರು ಮಾಡಿದ್ದೂ ಇಲ್ಲೇ. ನಮ್ಮೂರ ಮಲ್ಲಿಗೆ, ವೀಳ್ಯದೆಲೆ, ಅಗರಬತ್ತಿ ಮೂರಕ್ಕೂ ಸರ್ಕಾರದ ಜಿಐ ಗುರುತಿದೆ. ಮೂರೂ ಮೂಗಿನ ಬಾಬತ್ತೇ.

ಹಾಗಿದ್ದೂ ಈ ಊರಿನಲ್ಲಿ ಮೂಗಿಗೊಂದು ಆಫೀಸಿಲ್ಲ ನೋಡಿ. ಕಿವಿಗೆ, ಮಾತಿಗೆ ಅಂತ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಾಲಿಗೆಗೆ ಚೆಲುವಾಂಬ ವಿಲಾಸದ ಅರಮನೆಯಲ್ಲೇ 1950ರಿಂದ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ. ಸೈನಿಕರ ಹೊಟ್ಟೆಗೆ 1961ರಿಂದ ಡಿಎಫ್‌ಆರ್‌ಎಲ್. ಕಣ್ಣಿಗೆ ದಸರಾದಲ್ಲಿ ಅರಮನೆಯ ಹತ್ತಿರಹತ್ತಿರ ಲಕ್ಷ ಬಲ್ಬು. ಮೂಗಿನ ಅರ್ಜಿ ಮಾತ್ರ ಎಲ್ಲೂ ಸ್ವೀಕಾರವಾಗಿಲ್ಲ. ಅದು ಇದ್ದಾಗ ಯಾರೂ ಕೇಳುವುದಿಲ್ಲ, ಹೋದಾಗ ಇರುವವನಿಗೇ ಗೊತ್ತಾಗುವುದಿಲ್ಲ. ಕಣ್ಣು ಮಂಜಾದರೆ ಗೋಡೆಗೆ ಗುದ್ದುತ್ತೇವೆ, ಕಿವಿ ಮಂದವಾದರೆ ಜನ ಬೈಯುತ್ತಾರೆ. ಮೂಗು ನೋಟೀಸು ಕೊಡದೆ ಕೆಲಸ ಬಿಡುವ ಮನೆಗೆಲಸದವನ ಹಾಗೆ.

ಮರುದಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಈ ವಿಷಯ ಎತ್ತಿದೆ. ನಮ್ಮ ವಾಕಿಂಗ್ ಗುಂಪಿನಲ್ಲಿ “ಆರೋಗ್ಯವಾ?” ಅಂತ ಕೇಳುವ ಪದ್ಧತಿ ನಿಂತು ಹತ್ತು ವರ್ಷವಾಯಿತು. ಈಗ “ಎಷ್ಟಿದೆ?” ಅಂತಷ್ಟೇ ಕೇಳುವುದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೂರಾ ನಲವತ್ತು ಅಂದರೆ ಉಳಿದವರು ಮದುವೆಗೆ ಬಂದ ಬೀಗರ ಹಾಗೆ ತಲೆಯಾಡಿಸುತ್ತಾರೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ ಅಂತ ಐಸಿಎಂಆರ್ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಹೇಳಿತಲ್ಲ, ಅದರಲ್ಲಿ ಒಂದು ಪಾಲು ಬೆಳಗ್ಗೆ ಆರಕ್ಕೆ ಈ ಏರಿ ಮೇಲೇ ಇರುತ್ತದೆ ಅಂತ ನನ್ನ ಗುಮಾನಿ. ಶುಗರ್ ಬಂದು ಆರು ವರ್ಷವಾದ ನಾನೂ ಅದರಲ್ಲಿ ಒಬ್ಬ. ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ಖಾರಾಬಾತು, ಕೇಸರಿಬಾತು ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿಸಿಕೊಳ್ಳುವವರಲ್ಲೂ ಒಬ್ಬ.

ಗುಂಪಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ. ನನ್ನ ಕಥೆ ಕೇಳಿ ನಕ್ಕು ಕೆರೆಯಾಚೆ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಕಡೆ ಕೈ ತೋರಿಸಿದರು. “ಅಲ್ಲಿ ನಿಮ್ಮಂಥವರನ್ನ ಸೀಸೆಯಲ್ಲಿ ಸಾಕ್ತೀವಿ ಸ್ವಾಮಿ.”

ಅವರು ಹೇಳಿದ್ದು ಹಣ್ಣಿನ ನೊಣದ ವಿಚಾರ. ಕಳಿತ ಬಾಳೆಹಣ್ಣಿನ ಸುತ್ತ ಎಲ್ಲಿಂದಲೋ ಹುಟ್ಟಿ ಬರುವ ಸಾಸಿವೆ ಗಾತ್ರದ ನೊಣವಿದೆಯಲ್ಲ, ಡ್ರೊಸೊಫಿಲಾ, ಅದೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಆರ್. ರಾಜಶೇಖರಶೆಟ್ಟಿಯವರು ಅದರ ಅಧ್ಯಯನಕ್ಕೆ ಬುನಾದಿ ಹಾಕಿದರು. ಅಲ್ಲಿಂದ ಶಿಷ್ಯರು, ಶಿಷ್ಯರ ಶಿಷ್ಯರು. ಈಗ ದೇಶದ ನಾನಾ ಪ್ರಯೋಗಾಲಯಗಳಿಗೆ ನೊಣ ಒದಗಿಸುವ ಭಂಡಾರವೇ ಅಲ್ಲಿದೆ. ಡ್ರೊಸೊಫಿಲಾ ಮೈಸೂರೆನ್ಸಿಸ್ ಅಂತ ಊರಿನ ಹೆಸರು ಹೊತ್ತ ಪ್ರಭೇದವೂ ಉಂಟು. ಮೈಸೂರು ಪಾಕು, ಮೈಸೂರು ಮಲ್ಲಿಗೆ, ಮೈಸೂರು ಪೇಟ ಅಂತ ಪಟ್ಟಿ ಹೇಳುವವರು ಈ ನೊಣವನ್ನು ಯಾವಾಗಲೂ ಬಿಟ್ಟುಬಿಡುತ್ತಾರೆ, ಪಾಪ.

“ಅವಕ್ಕೆ ಊಟಕ್ಕೆ ಏನು ಹಾಕ್ತೀರಿ?” ಅಂದೆ.

“ಒಂದು ಲೀಟರ್ ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ. ಗಟ್ಟಿಯಾಗೋಕೆ ಎಂಟು ಹತ್ತು ಗ್ರಾಂ ಅಗರ್. ಬೂಸ್ಟು ಹಿಡೀದ ಹಾಗೆ ಏಳೂವರೆ ಎಂಎಲ್ ಪ್ರೊಪಿಯಾನಿಕ್ ಆಮ್ಲ.”

ನಾನು ನಿಂತುಬಿಟ್ಟೆ. ರವೆಗೆ ಸಮಸಮ ಬೆಲ್ಲ! ಆಮ್ಲ ಬಿಟ್ಟು ತುಪ್ಪ ಹಾಕಿದರೆ ಅದು ಸಜ್ಜಿಗೆ ಅಲ್ಲವೇ? ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯಕ್ಕೂ ರವೆ, ಸಕ್ಕರೆ ಒಂದೇ ಅಳತೆ, ಒಂದೂಕಾಲು ಒಂದೂಕಾಲು. ಅಮೆರಿಕದ ನೊಣಗಳು ಮೆಕ್ಕೆಜೋಳದ ಹಿಟ್ಟು ತಿಂದು ದಿನ ತಳ್ಳುತ್ತಿರುವಾಗ ನಮ್ಮೂರ ನೊಣ ದಿನಾ ಪೂಜೆಮನೆಯ ಪ್ರಸಾದ ತಿನ್ನುತ್ತಿದೆ. ಆಮೇಲೆ ಲೆಕ್ಕ ಹಾಕಿದೆ: ನಮ್ಮ ಹೋಟೆಲಿನ ಕೇಸರಿಬಾತಿನಲ್ಲಿ ರವೆಗಿಂತ ಸಕ್ಕರೆಯೇ ಮೇಲು, ಅದೂ ಒಂದು ಲೀಟರ್ ನೀರಿಗೆ ಕದಡಿದ್ದಲ್ಲ. ನೊಣಕ್ಕಿಂತ ನನ್ನ ಪಥ್ಯ ಕೆಟ್ಟದು.

ಮೇಷ್ಟ್ರು ಬಿಡಲಿಲ್ಲ. ಮಿಷಿಗನ್ನಿನಲ್ಲಿ ಮೋನಿಕಾ ದುಸ್ ಅಂತ ವಿಜ್ಞಾನಿ ಇದ್ದಾರಂತೆ. ಅವರ ತಂಡ ನೊಣಗಳಿಗೆ ಸಕ್ಕರೆ ಹೆಚ್ಚು ಮಾಡಿ ಒಂದು ವಾರ ಊಟ ಹಾಕಿತು, 2019ರಲ್ಲಿ ಬರೆದುಕೊಂಡಿತು. ನೊಣಗಳ ಸಿಹಿ ಹಿಡಿಯುವ ನರಗಳು ಮಂಕಾದವು. ಸಿಹಿ ಸಪ್ಪೆ ಅನ್ನಿಸಿದಾಗ ನೊಣ ಏನು ಮಾಡುತ್ತದೆ? ಬೇಡ ಅಂತ ಎದ್ದು ಹೋಗುತ್ತದೆಯೇ? ಇಲ್ಲ. ಇನ್ನೊಂದಿಷ್ಟು ಹಾಕಿಸಿಕೊಳ್ಳುತ್ತದೆ. “ತುತ್ತು ದೊಡ್ಡದಾಯ್ತು, ನೊಣ ದಪ್ಪ ಆಯ್ತು” ಅಂತ ಮೇಷ್ಟ್ರು ನನ್ನ ಹೊಟ್ಟೆಯ ಕಡೆ ನೋಡದೆ ಹೇಳಿದರು. ನೋಡದೆ ಹೇಳಿದ್ದೇ ಹೆಚ್ಚು ಚುಚ್ಚಿತು.

“ಅದು ನಾಲಿಗೆ ಮಾತಾಯ್ತು ಸಾರ್. ನಂದು ಮೂಗು.”

“ಮೂಗಿಗೆ ಇಲಿ ಇದೆ” ಅಂದರು. ಫ್ರಾನ್ಸಿನಲ್ಲಿ ಇಲಿಗಳಿಗೆ ಫ್ರಕ್ಟೋಸು, ಅಂದರೆ ಹಣ್ಣಿನಲ್ಲೂ ಸಕ್ಕರೆಯಲ್ಲೂ ಇರುವ ಸಿಹಿ, ಧಾರಾಳವಾಗಿ ತಿನ್ನಿಸಿದರು. ನಾಲ್ಕು ವಾರಕ್ಕೆ ಶುಗರಿನ ಹೊಸ್ತಿಲು, ಎಂಟು ವಾರಕ್ಕೆ ಒಳಮನೆ. ಮೂಗು ಕಾಯಿಲೆಯ ಸರ್ಟಿಫಿಕೇಟಿಗೂ ಕಾಯಲಿಲ್ಲ, ಹೊಸ್ತಿಲಲ್ಲೇ ಮಂಕು ಹಿಡಿಯಿತು. ಇದು 2016ರ ಸುದ್ದಿ. ಅದಕ್ಕೂ ಮೊದಲು, 2014ರಲ್ಲಿ, ಫ್ಲಾರಿಡಾದಲ್ಲಿ ಇಲಿಗಳಿಗೆ ಆರು ತಿಂಗಳು ಜಿಡ್ಡಿನ ಊಟ ಹಾಕಿದ್ದರು. ಅವಕ್ಕೆ ವಾಸನೆಯ ನರಕೋಶಗಳೇ ಕಡಿಮೆಯಾದವು. ಮತ್ತೆ ಪಥ್ಯಕ್ಕೆ ತಂದು ಮೈ ಇಳಿಸಿದರೂ ಹೋದ ಕೋಶ ಪೂರಾ ಬರಲಿಲ್ಲ.

ಸಕ್ಕರೆಗೆ ಒಂದು ಕೇಸು, ಜಿಡ್ಡಿಗೆ ಇನ್ನೊಂದು. ಎರಡೂ ಆರೋಪಿಗಳು ಒಂದೇ ತಟ್ಟೆಯಲ್ಲಿ ಸಿಗುವ ಜಾಗ ಯಾವುದು ಅಂತ ನಾನು ಬಾಯಿಬಿಟ್ಟು ಕೇಳಲಿಲ್ಲ. ಮೈಸೂರು ಪಾಕು ಸಿಗುವ ಸಯ್ಯಾಜಿರಾವ್ ರಸ್ತೆ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು.

ಒಳಗಿನ ವ್ಯವಹಾರ ಹೀಗಂತೆ. ಮೂಗಿನ ಗೂಡಿನ ಮೇಲ್ಚಾವಣಿಯಲ್ಲಿ ಅಂಚೆಚೀಟಿಯಷ್ಟು ಜಾಗ. ಅಲ್ಲಿ ಲಕ್ಷಗಟ್ಟಲೆ ನರಕೋಶಗಳು ನೇರ ಗಾಳಿಗೆ ಮೈಯೊಡ್ಡಿ ಕೂತಿರುತ್ತವೆ. ಮಿದುಳಿನ ನರಗಳ ಪೈಕಿ ಹೀಗೆ ಬೀದಿಗೆ ಬಂದು ನಿಲ್ಲುವ ಬಡಪಾಯಿಗಳು ಇವೇ. ಧೂಳು, ಹೊಗೆ, ನೆಗಡಿ ತಿಂದು ಸಾಯುತ್ತವೆ, ತಿಂಗಳು ಎರಡು ತಿಂಗಳಲ್ಲಿ ಹೊಸವು ಹುಟ್ಟಿ ಆ ಜಾಗಕ್ಕೆ ಬರುತ್ತವೆ. ಮನುಷ್ಯರಲ್ಲಿ ಸುಮಾರು ನಾನೂರು ಬಗೆಯ ವಾಸನೆ-ಗ್ರಾಹಕಗಳು. ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ 1991ರಲ್ಲಿ ಈ ಗ್ರಾಹಕಗಳ ವಂಶವನ್ನೇ ಕಂಡುಹಿಡಿದರು, 2004ರಲ್ಲಿ ನೊಬೆಲ್ ಬಂತು. ಇನ್ನು ಮೂಗಿನ ಸುದ್ದಿ ಮೊದಲು ಮುಟ್ಟುವ ಮಿದುಳಿನ ಭಾಗದಲ್ಲಿ ಇನ್ಸುಲಿನ್ನಿಗೆ ಕಿವಿಗೊಡುವ ಗ್ರಾಹಕಗಳು ತುಂಬಿ ತುಳುಕುತ್ತವೆ. ಹಸಿದಾಗ ಪಕ್ಕದ ಮನೆಯ ಒಗ್ಗರಣೆ ನಮ್ಮ ಮನೆಯದೇ ಅನ್ನಿಸುವುದು, ಊಟವಾದ ಮೇಲೆ ಅದೇ ಒಗ್ಗರಣೆ ಹತ್ತದಿರುವುದು ಈ ಲೆಕ್ಕಾಚಾರದಿಂದಲೂ. ಮೂರು ಹೊತ್ತೂ, ನಡುವೆ ಎರಡು ಸಲವೂ ಸಿಹಿ ಬೀಳುತ್ತಿದ್ದರೆ ಈ ಯಜಮಾನರು ಯಾವಾಗಲೂ ಊಟವಾದ ಹೊತ್ತಿನಲ್ಲೇ ಇರುತ್ತಾರೆ ಅಂತ ಮೂಗು ಬಾಗಿಲು ಹಾಕಿಕೊಂಡು ಮಲಗಿದರೆ ಅದರದೇನು ತಪ್ಪು? ಇದು ನನ್ನ ವ್ಯಾಖ್ಯಾನ, ಮೇಷ್ಟ್ರದ್ದಲ್ಲ.

ಮೇಷ್ಟ್ರು ಪ್ರಾಮಾಣಿಕರು. ಮನುಷ್ಯರಲ್ಲಿ ಶುಗರ್ ಇದ್ದವರಿಗೆ ವಾಸನೆ ಮಂದವಾಗುವುದು ಉಳಿದವರಿಗಿಂತ ಹೆಚ್ಚು ಅಂತ ಹಲವು ಸಮೀಕ್ಷೆ ಹೇಳಿವೆ, ಆದರೆ ಬರೀ ಸಕ್ಕರೆಯೇ ಕೊಲೆಗಾರ ಅಂತ ಸಾಬೀತಾಗಿಲ್ಲ, ವಯಸ್ಸಿದೆ, ಕೋವಿಡ್ ಇತ್ತು, ನೆಗಡಿ ಇದೆ ಅಂದರು. ನಾನು ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಸಂಶಯದ ಲಾಭ ಆರೋಪಿಗೆ! ಹೆಂಡತಿ ಕೇಳಿದಳು: “ಆರೋಪಿ ಯಾರು, ಸಕ್ಕರೆಯೋ ನೀವೋ?”

ಬರುವಾಗ ದಾರಿ ತಪ್ಪಿ ಸಯ್ಯಾಜಿರಾವ್ ರಸ್ತೆಗೆ ಹೋಗಿದ್ದೆ ಅನ್ನುವುದನ್ನು ಇಲ್ಲಿ ಹೇಳಬೇಕು. ಸರಸ್ವತಿಪುರಂಗೆ ಬರುವವನು ಆ ಕಡೆ ಹೇಗೆ ತಪ್ಪಿದ ಅಂತ ಕೇಳಬೇಡಿ. ಪ್ರಯೋಗಕ್ಕೆ ಕಾಲು ಕಿಲೋ ಮೈಸೂರು ಪಾಕು ಬೇಕಿತ್ತು. ಪ್ರಯೋಗ ಮೇಷ್ಟ್ರು ಹೇಳಿಕೊಟ್ಟದ್ದೇ: ಮೂಗು ಹಿಡಿದುಕೊಂಡು ಒಂದು ಚೂರು ಬಾಯಿಗೆ ಹಾಕಿ, ನಾಲ್ಕು ಸಲ ಅಗಿದು, ಆಮೇಲೆ ಮೂಗು ಬಿಡಿ. ಮೂಗು ಹಿಡಿದಾಗ ಬರೀ ಸಿಹಿ. ಬಿಟ್ಟಾಗ ಗಂಟಲ ಹಿಂದಿನಿಂದ ಗಾಳಿ ಮೇಲೇರಿ ಹುರಿದ ಕಡಲೆಹಿಟ್ಟು, ಕಾಯಿಸಿದ ತುಪ್ಪ ಒಟ್ಟಿಗೆ ಬಂದು ಹೊಡೆಯಬೇಕು. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಹಿಂಬಾಗಿಲಿನಿಂದ ಬಂದ ವಾಸನೆಯೇ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಭಟ್ಟ ಕಾಕಾಸುರ ಮಾದಪ್ಪ ಈ ಪಾಕ ಹಿಡಿದರು ಅನ್ನುವುದು ಊರಿನ ಕಥೆ. ಹೇಗೆ ಹಿಡಿದಿದ್ದಾರು? ಥರ್ಮಾಮೀಟರಿನಿಂದಲ್ಲ. ಇವತ್ತಿಗೂ ನಮ್ಮ ಮನೆಗಳಲ್ಲಿ “ಹಸಿ ವಾಸನೆ ಹೋಗೋವರೆಗೂ ಹುರಿ, ಘಮ ಅಂದ ತಕ್ಷಣ ಇಳಿಸು” ಅಂತಲೇ ಹೇಳಿಕೊಡುವುದು. ಗಡಿಯಾರ ನೋಡು ಅಂತ ಯಾವ ಅಜ್ಜಿಯೂ ಹೇಳಿಲ್ಲ. ಕಮಟು, ಮುಗ್ಗಲು, ಹಳಸಲು, ಸೀದದ್ದು, ಕನೆಯಾದದ್ದು ಅಂತ ಒಂದು ಮೂಗಿಗೆ ಇಷ್ಟೆಲ್ಲ ಮಾತು ಇಟ್ಟುಕೊಂಡ ಭಾಷೆ ನಮ್ಮದು. ಅವರೆಕಾಯಿಗಂತೂ ಸೊಗಡು ಅಂತ ಪ್ರತ್ಯೇಕ ಪದವೇ ಇದೆ, ಬೇರೆಯವರಿಗೆ ಅದನ್ನು ಹೇಳಿ ತಿಳಿಸಲು ಆಗುವುದಿಲ್ಲ. ಹಿಂದಿನ ಚಳಿಗಾಲ ನಾನು ಅವರೆಕಾಳಿನ ಹುಳಿ ತಿಂದು “ಬಟಾಣಿ ಚೆನ್ನಾಗಿದೆ” ಅಂದಿದ್ದೆ. ಆಗಲೇ ಗೊತ್ತಾಗಬೇಕಿತ್ತು.

ಪ್ರಯೋಗ ನಡೆಯಿತು. ಮೂಗು ಹಿಡಿದೆ, ಸಿಹಿ. ಬಿಟ್ಟೆ, ಸಿಹಿ. ಚೂರು ಸಣ್ಣದಾಯಿತೇನೋ ಅಂತ ದೊಡ್ಡದು ತೆಗೆದುಕೊಂಡೆ. ಸಿಹಿ. ಮೂರನೆಯದರಲ್ಲಿ ಎಲ್ಲೋ ದೂರದಲ್ಲಿ, ಪಕ್ಕದ ಬೀದಿಯಲ್ಲಿ ಯಾರೋ ತುಪ್ಪ ಕಾಯಿಸುತ್ತಿದ್ದಾರೆ ಅನ್ನುವಷ್ಟು ಸುಳಿವು. ಅದನ್ನು ಹಿಡಿಯಲು ನಾಲ್ಕನೆಯದು. ಮೂಗಿಗೆ ತುಪ್ಪ ಸವರುವುದು ಅನ್ನುತ್ತಾರಲ್ಲ, ನನ್ನದು ತಿರುವುಮುರುವು. ಬಾಯಿಗೆ ತುಪ್ಪ ಸುರಿಯುತ್ತಿದೆ, ಮೂಗಿಗೆ ಹತ್ತುತ್ತಿಲ್ಲ. ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಮೇಷ್ಟ್ರ ನೊಣ ನೆನಪಾಯಿತು. ಆ ನೊಣವೂ ಹೊಟ್ಟೆಬಾಕ ಅಲ್ಲ ಕಣ್ರೀ, ಅದು ಕಳೆದುಕೊಂಡದ್ದನ್ನು ಹುಡುಕುತ್ತಿತ್ತು ಅಷ್ಟೆ. ಈ ಮಾತನ್ನು ಹೆಂಡತಿಗೆ ಹೇಳಿದೆ. ಅವಳು ಖಾಲಿ ಪೊಟ್ಟಣ ಮಡಚುತ್ತ, “ಕಾಲು ಕಿಲೋದಲ್ಲಿ ಸಿಗದೇ ಇದ್ದದ್ದು ಒಂದು ಕಿಲೋದಲ್ಲಿ ಸಿಗತ್ತಾ?” ಅಂದಳು.

ನನ್ನ ಹತ್ತಿರ ಒಂದು ಕಡೆಯ ಅಸ್ತ್ರವಿತ್ತು. ಬರ್ಕ್ಲಿಯಲ್ಲಿ 2017ರಲ್ಲಿ ಇಲಿಗಳ ವಾಸನೆಯ ಶಕ್ತಿಯನ್ನೇ ತೆಗೆದು ನೋಡಿದರಂತೆ. ಕೊಬ್ಬಿನ ಊಟ ತಿಂದರೂ ಅವು ಮೂಗಿದ್ದ ಇಲಿಗಳ ಹಾಗೆ ಊದಿಕೊಳ್ಳಲಿಲ್ಲವಂತೆ. “ನೋಡು, ಮೂಗು ಹೋದರೆ ಮೈ ಇಳಿಯತ್ತೆ, ವಿಜ್ಞಾನ” ಅಂದೆ. ಅವಳು ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ಕಾಲಲ್ಲಿ ನನ್ನ ಮುಂದಕ್ಕೆ ತಳ್ಳಿದಳು. ಚರ್ಚೆ ಅಲ್ಲಿಗೆ ನಿಂತಿತು.

ಡಾಕ್ಟರರ ಹತ್ತಿರ ಸರಿಯಾದ ಪರೀಕ್ಷೆ ಮಾಡಿಸೋಣ ಅಂದರೆ ಅದೂ ಸುಲಭವಲ್ಲ. ಪೆನ್ಸಿಲ್ವೇನಿಯಾದಲ್ಲಿ ರಿಚರ್ಡ್ ಡಾಟಿ ಅನ್ನುವವರು 1984ರಲ್ಲಿ ರೂಪಿಸಿದ ಹೆಸರಾಂತ ಪರೀಕ್ಷೆಯಿದೆ, ಕೆರೆದು ಮೂಸುವ ನಲವತ್ತು ಚೀಟಿ. ಅದರಲ್ಲಿ ಪಿಜ್ಜಾ, ರೂಟ್ ಬಿಯರ್, ಡಿಲ್ ಉಪ್ಪಿನಕಾಯಿ, ಜಿಂಜರ್‌ಬ್ರೆಡ್ ಎಲ್ಲ ಬರುತ್ತವೆ. ರೂಟ್ ಬಿಯರನ್ನು ಜನ್ಮದಲ್ಲಿ ಮೂಸದ ನನ್ನ ಸೋದರತ್ತೆ, ಬೀದಿಯ ಆ ತುದಿಯಲ್ಲಿ ಹಲಸಿನಹಣ್ಣು ಬಿಡಿಸಿದರೆ ಈ ತುದಿಯಲ್ಲಿ ಎಷ್ಟು ತೊಳೆ ಅಂತ ಹೇಳುವವರು, ಆ ಪರೀಕ್ಷೆಯಲ್ಲಿ ಫೇಲಾಗುತ್ತಾರೆ. ನಮಗೆ ನಮ್ಮ ಚೀಟಿ ಬೇಕು. ಒಗ್ಗರಣೆಯ ಕರಿಬೇವು. ಮೊದಲ ಮಳೆಯ ಮಣ್ಣು. ಆಲೆಮನೆಯ ಬೆಲ್ಲ. ಹೊಸ ಪಠ್ಯಪುಸ್ತಕ. ಮದುವೆಮನೆಯಲ್ಲಿ ಚಿಮುಕಿಸುವ ಪನ್ನೀರು. ಮೂರು ದಿನ ನೆನೆದ ರೈಲಿನ ಕಂಬಳಿ.

ಬೆಲ್ಲ ಅಂದಾಗ ನೆನಪಾಯಿತು: ಬೆಲ್ಲಕ್ಕೆ ವಾಸನೆಯಿದೆ, ಬಿಳಿ ಸಕ್ಕರೆಗೆ ಇಲ್ಲ. ಡಬ್ಬಿಯೊಳಗೆ ಮೂಗು ತೂರಿಸಿ ನೋಡಿ, ಏನೂ ಇಲ್ಲ. ಪಕ್ಕದ ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆಯಿದೆ. ಗಾಡಿಗಟ್ಟಲೆ ಕಬ್ಬು ಒಳಗೆ ಹೋಗುವಾಗ ಊರೆಲ್ಲ ವಾಸನೆ, ಚೀಲ ಹೊರಗೆ ಬರುವಾಗ ಅದರ ಸುಳಿವೂ ಇಲ್ಲ. ತನಗಿಲ್ಲದ್ದನ್ನು ಬೇರೆಯವರಲ್ಲೂ ಉಳಿಸಬಾರದು ಅನ್ನುವ ಜಾತಿಯದಿರಬೇಕು.

ಅಂದಿನಿಂದ ನನ್ನ ಕಾಫಿಗೆ ಸಕ್ಕರೆ ನಿಂತಿತು. ನಿಲ್ಲಿಸಿದ್ದು ನಾನಲ್ಲ. ಮೊದಲ ಹತ್ತು ದಿನ ವಾಸನೆಯೂ ಇಲ್ಲದ ಸಿಹಿಯೂ ಇಲ್ಲದ ಕಂದು ಬಿಸಿನೀರು ಕುಡಿದೆ. ಎದುರು ಕೂತು ಅವಳು ತನ್ನ ಲೋಟಕ್ಕೆ ಎರಡು ಚಮಚ ಹಾಕಿ ಟಿಣಿಟಿಣಿ ಅಂತ ಕಲಕುತ್ತಿದ್ದಳು. “ನನಗೇನೂ ಇಲ್ವಲ್ಲ” ಅನ್ನುವುದು ಅವಳ ಸಮರ್ಥನೆ. ಇಲ್ಲ ಅಂತ ಯಾವ ಲ್ಯಾಬೂ ಹೇಳಿಲ್ಲ, ಅವಳೇ ಹೇಳಿದ್ದು. ಮೂವತ್ತು ವರ್ಷ ಪರೀಕ್ಷೆ ಮಾಡಿದವರು ತಾವು ಪರೀಕ್ಷೆಗೆ ಕೂರುವುದಿಲ್ಲ. ಕೇಸರಿಬಾತಿನ ತಟ್ಟೆಯಿಂದ ಕೇಸರಿ ಭಾಗ ಹೋಗಿ ಖಾರವೊಂದೇ ಉಳಿಯಿತು, ಒಂಟಿಯಾದ ಡಬಲ್ ಮಂಚದ ಹಾಗೆ.

ಎರಡು ತಿಂಗಳಾದ ಮೇಲೆ, ಮೊನ್ನೆ, ಪೂರಕ ಪರೀಕ್ಷೆ ನಡೆಯಿತು. ಅದೇ ಟವೆಲ್, ಅದೇ ಡಬ್ಬಿಗಳು. ಇಂಗು ಸರಿ. ಜೀರಿಗೆಗೆ ಸ್ವಲ್ಪ ತಡವರಿಸಿ ಜೀರಿಗೆಯೆಂದೇ ಹೇಳಿದೆ. ಕಾಫಿಪುಡಿ ಅಂತ ಹೇಳುವಾಗ ನನ್ನ ಗಂಟಲು ಕೊಂಚ ಕಟ್ಟಿತು ಅಂದರೆ ನಗಬೇಡಿ. ಕೊನೆಯ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಎಳೆದೆ. ಮೆಲ್ಲಗೆ, ಹಬ್ಬದ ದಿನ ಒಳಮನೆಯಿಂದ ಯಾರೋ ನಡೆದುಬಂದ ಹಾಗೆ ಬಂತು.

“ಯಾಲಕ್ಕಿ.”

“ತಪ್ಪು” ಅಂತ ಚಪ್ಪಾಳೆ ತಟ್ಟಿ ಟವೆಲ್ ಎಳೆದಳು. “ಇದು ಖಾಲಿ ಡಬ್ಬಿ. ಯಾಲಕ್ಕಿ ನಿನ್ನೆಯೇ ಪಾಯಸಕ್ಕೆ ಮುಗೀತು. ಇನ್ನೂ ತೊಳೆದಿಲ್ಲ.”

“ತೊಳೆದಿಲ್ಲ ತಾನೇ? ಮೂಸಿ ನೋಡು. ಘಂ ಅಂತಿದೆ.”

ಡಬ್ಬಿ ಮೂಗಿಗೆ ಹಿಡಿದಳು. ಎಳೆದಳು. ಕಣ್ಣು ಮುಚ್ಚಿ ಮತ್ತೆ ಎಳೆದಳು. ತಳಕ್ಕೆ ಬೆರಳಾಡಿಸಿ ಬೆರಳನ್ನು ಮೂಸಿದಳು.

“ಏನೂ ಬರ್ತಿಲ್ವಲ್ರೀ…” ಅಂದಳು. ಮೇಜಿನ ಮೇಲೆ ಅವಳ ಕಾಫಿ ಲೋಟ ಇತ್ತು, ಚಮಚ ಇನ್ನೂ ಒಳಗೇ ನಿಂತಿತ್ತು.

ನಾನು ಏನೂ ಹೇಳಲಿಲ್ಲ. ಟವೆಲನ್ನು ನೀಟಾಗಿ ಮಡಚಿ ಅವಳ ಮುಂದಿಟ್ಟೆ.